ದೇವಗಿರಿಯ ಹುಡುಗನ ಹಾರ್ಮೋನಿಯಂ

ಕೆಲವು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪಾಲಕರೊಬ್ಬರು ಮಗನನ್ನು ಕರೆದುಕೊಂಡು ನನ್ನ ಬಳಿ ಬಂದರು. "ಗಣಿತಾನೂ ಹೋತು, ವಿಜ್ಞಾನಾನೂ ಹೋತ್ರೀ ಸರ್. ಇಂವ ಯಾತಕ್ಕೂ ಬರಂಗಿಲ್ಲ" ಎಂದರು, ಹುಡುಗನ ಎದುರಿಗೇ. ನಾನೂ ತಲೆಯಾಡಿಸಿದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಪ್ರೀತಿ, ಮನಶ್ಶಾಂತಿ ಎಂದೊಡನೆ ನಮ್ಮ ಭಾಗದವರ ಬಾಯಿಗೆ ಬರುವುದು ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು, ಶಿಶುನಾಳದ ಶರೀಫರು. ಅದು ಸರಿಯೇ. ಆದರೆ ಆ ರಾತ್ರಿ ನನಗೆ ನೆನಪಾದದ್ದು ಹಾನಗಲ್ಲ ತಾಲೂಕಿನ ಇಬ್ಬರು ಮಕ್ಕಳು.

ಮೊದಲನೆಯವನು ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ. 1892ರಲ್ಲಿ ಹುಟ್ಟಿದ ಅವನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಅಂಥ ಮಗುವಿನ ಗತಿಯೇನು, ಊಹಿಸಬಹುದು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಆ ಹುಡುಗನ ಕಣ್ಣನ್ನು ನೋಡಲಿಲ್ಲ, ಕಂಠವನ್ನು ಕೇಳಿದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಅವನೇ ಮುಂದೆ ಪಂಚಾಕ್ಷರಿ ಗವಾಯಿ.

ಎರಡನೆಯವನು 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯ. ಚಿಕ್ಕಂದಿನಲ್ಲೇ ದೃಷ್ಟಿ ಹೋಯಿತು. ಸೋದರಮಾವನ ಹಾರ್ಮೋನಿಯಂ ಮೇಲೆ ಅವನು ತಾನಾಗಿಯೇ ಬೆರಳಾಡಿಸುತ್ತಿದ್ದುದನ್ನು ಮಾವ ಗಮನಿಸಿದರು, ಗವಾಯಿಗಳ ಬಳಿಗೆ ಕರೆದೊಯ್ದರು. ಬೇರೆ ಮನೆಯಾಗಿದ್ದರೆ 'ಪೆಟ್ಟಿಗೆ ಮುಟ್ಟಬ್ಯಾಡ' ಎಂದು ಗದರಿಸಿ ಮುಗಿಸುತ್ತಿದ್ದರೇನೋ!

ಕುರುಡರಿಗೆ ಕಿವಿ ಚುರುಕು, ಅದು ದೇವರು ಕೊಟ್ಟ ಬದಲಿ ಎನ್ನುವುದುಂಟು. ವಿಜ್ಞಾನ ಹೇಳುವುದು ಸ್ವಲ್ಪ ಬೇರೆ. ಚಿಕ್ಕಂದಿನಲ್ಲೇ ದೃಷ್ಟಿ ಹೋದವರು ಬೆರಳಿನಿಂದ ಬ್ರೈಲ್ ಓದುವಾಗ, ನಮ್ಮಲ್ಲಿ ನೋಟಕ್ಕೆ ಮೀಸಲಾದ ಮೆದುಳಿನ ಭಾಗವೂ ಕೆಲಸ ಮಾಡುತ್ತದೆ. ಮೆದುಳು ಖಾಲಿ ಜಾಗ ಬಿಡುವುದಿಲ್ಲ. ಆದರೆ ಅದಕ್ಕೆ ಸಾಧನೆ ಬೇಕು, ಸಾಧನೆಗೆ ಕೂರಿಸುವ ಯಾರಾದರೂ ಬೇಕು. ಬ್ರೈಲ್‌ನ ಆರು ಚುಕ್ಕಿಗಳನ್ನು ಕಲಿತ ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನೇ ರಚಿಸಿದರು. ನುಡಿಸಲು ಬಾರದ ವಾದ್ಯ ಯಾವುದೆಂದು ಹುಡುಕಬೇಕಿತ್ತು.

ಪಂಚಾಕ್ಷರಿ ಗವಾಯಿಗಳ ಶಾಲೆ ಮೊದಮೊದಲು ಊರೂರು ತಿರುಗುತ್ತಿತ್ತು, ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅಂಧರು, ಅನಾಥರು, ಬಡವರು ಜಾತಿಯ ಹಂಗಿಲ್ಲದೆ ಅಲ್ಲಿ ಉಂಡು ಕಲಿತರು. ಬಸವರಾಜ ರಾಜಗುರು ಅಂಥವರು ಗವಾಯಿಗಳ ಶಿಷ್ಯರು. ಪ್ರೀತಿಯೆಂದರೆ ಬರೀ ಮಾತಲ್ಲವಲ್ಲ, ದಿನಾಲೂ ಅಷ್ಟು ಮಕ್ಕಳಿಗೆ ರೊಟ್ಟಿ ಆಗಬೇಕು. ಅದಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು! 1944ರಲ್ಲಿ ಗುರು ತೀರಿದ ಮೇಲೆ ಹೊಣೆ ಪುಟ್ಟರಾಜರ ಹೆಗಲಿಗೆ ಬಂತು. 2010ರ ಸೆಪ್ಟೆಂಬರ್ 17ರಂದು ಅವರು ಕಣ್ಮುಚ್ಚುವವರೆಗೆ, 66 ವರ್ಷ. ಪದ್ಮಭೂಷಣ ಬಂದದ್ದೂ ಅದೇ 2010ರಲ್ಲಿ.

ಇಷ್ಟು ಹೊಣೆ ಹೊತ್ತ ಮನುಷ್ಯನಿಗೆ ಮನಶ್ಶಾಂತಿ ಎಲ್ಲಿಂದ? ನನಗೆ ತಂಬೂರಿ ನೆನಪಾಗುತ್ತದೆ. ಸಭೆಯಲ್ಲಿ ಎಷ್ಟೇ ಗದ್ದಲವಿರಲಿ, ಗಾಯಕ ಮೊದಲು ಅದರ ನಾಲ್ಕು ತಂತಿಗಳನ್ನು ಶ್ರುತಿಗೆ ತರುತ್ತಾನೆ. ಗದ್ದಲ ನಿಲ್ಲಲಿ ಎಂದು ಕಾಯುವುದಿಲ್ಲ.

ವಾರ ಬಿಟ್ಟು ಆ ಹುಡುಗನನ್ನು ತಂದೆಯೊಡನೆ ಮತ್ತೆ ಕರೆಸಿದೆ. "ನಿನಗೇನು ಸೇರತದೋ?" ಎಂದು ಕೇಳಿದೆ. ಮೂರು ವರ್ಷ ಪಾಠ ಮಾಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ನೆಲ ನೋಡುತ್ತ, "ಪಂಪಿನ ಸ್ಟಾರ್ಟರ್ ರಿಪೇರಿ ಮಾಡ್ತೀನ್ರೀ. ಊರಾಗ ಯಾರದು ಕೆಟ್ರೂ ನನ್ನ ಕರೀತಾರ್ರೀ" ಎಂದ.

ತಂದೆ ಮಗನ ಕಡೆ ತಿರುಗಿ, "ಹೌದೇನೋ? ನನಗ ಹೇಳೇ ಇಲ್ಲಲ್ಲೋ" ಎಂದರು.