‘ಆಸ್ಪತ್ರೆಗೆ ಹೋದ್ರೆ ಪೊಲೀಸ್ ಬರ್ತಾರಾ?’: ಸ್ನೇಹ ಕ್ಲಿನಿಕ್, ಕಾನೂನು ಮತ್ತು ರಾತ್ರಿ ಬಂದ ಒಂದು ಮೆಸೇಜ್

ಇವತ್ತಿನ ಎಪಿಸೋಡನ್ನ ಒಂದು ಮೆಸೇಜಿಂದ ಶುರು ಮಾಡ್ತೀನಿ. ಕಳೆದ ತಿಂಗಳು ರಾತ್ರಿ ಹನ್ನೊಂದೂವರೆಗೆ ನನ್ನ ಇನ್‌ಬಾಕ್ಸಿಗೆ ಬಂದಿದ್ದು: ‘ಅಕ್ಕಾ, ಪೀರಿಯಡ್ಸ್ ಮೂರು ವಾರ ಲೇಟ್ ಆಗಿದೆ. ನಂಗೆ 17. ಆಸ್ಪತ್ರೆಗೆ ಹೋದ್ರೆ ಪೊಲೀಸ್ ಬರ್ತಾರಾ?’

ನಾನು ಓದಿದ್ದು ಬಿಕಾಂ. ಡೆಬಿಟ್, ಕ್ರೆಡಿಟ್ ಕೇಳಿ, ಹೇಳ್ತೀನಿ. ಇದಕ್ಕೆ ಏನು ಉತ್ತರ ಬರೀಬೇಕು ಅಂತ ಗೊತ್ತಾಗಲಿಲ್ಲ. ಮಾರನೇ ದಿನದಿಂದ ಓದಿದೆ, ಒಬ್ಬ ವಕೀಲರ ಹತ್ರ, ಒಬ್ಬ ಸ್ತ್ರೀರೋಗ ತಜ್ಞೆ ಹತ್ರ ಮಾತಾಡಿದೆ, ಒಂದು ತಾಲ್ಲೂಕು ಆಸ್ಪತ್ರೆಗೂ ಹೋಗಿಬಂದೆ. ಅದನ್ನೇ ಇವತ್ತು ಹೇಳೋದು.

ಮೊದಲು ನನ್ನ ಕಥೆ, ಬೇಗ ಮುಗಿಸ್ತೀನಿ. ಹೈಸ್ಕೂಲಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ನಮ್ಮ ಸೈನ್ಸ್ ಮೇಷ್ಟ್ರು ಹೂವಿನ ಪರಾಗಸ್ಪರ್ಶವನ್ನ ಎರಡು ದಿನ ಮಾಡಿದ್ರು. ಮನುಷ್ಯರ ಭಾಗ ಬಂದ ಕೂಡಲೇ ‘ಇದನ್ನ ಮನೇಲಿ ಓದ್ಕೊಳ್ಳಿ, ಸುಲಭ ಇದೆ’ ಅಂದ್ರು. ಇನ್ನೊಂದು ದಿನ ಹುಡುಗೀರನ್ನ ಮಾತ್ರ ಲೈಬ್ರರಿಗೆ ಕರೆದು ಪ್ಯಾಡ್ ಬಗ್ಗೆ ಅರ್ಧ ಗಂಟೆ ಹೇಳಿದ್ರು. ಹುಡುಗರಿಗೆ ಏನು ಹೇಳಿದ್ರು ಅಂತ ಮೊನ್ನೆ ಹಳೇ ಕ್ಲಾಸ್‌ಮೇಟ್ ಒಬ್ಬನನ್ನ ಕೇಳಿದೆ. ‘ಗ್ರೌಂಡಿಗೆ ಬಿಟ್ರು, ಕ್ರಿಕೆಟ್ ಆಡಿದ್ವಿ’ ಅಂದ. ಆಮೇಲೆ ನಾನು ಕಾಮರ್ಸ್ ತಗೊಂಡೆ. ಕಾಮರ್ಸ್, ಆರ್ಟ್ಸ್, ಐಟಿಐಗೆ ಹೋಗೋರಿಗೆಲ್ಲ ಹತ್ತನೇ ಕ್ಲಾಸೇ ಕೊನೇ ಬಸ್ಸು. ಅದು ತಪ್ಪಿದ್ರೆ ಆ ಪಾಠ ಮತ್ತೆ ಸಿಗಲ್ಲ. ಈಗಿನ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಕಾಂಡೋಮ್, ಕಾಪರ್-ಟಿ, ಮಾತ್ರೆ, ಲೈಂಗಿಕವಾಗಿ ಹರಡೋ ಸೋಂಕು ಎಲ್ಲ ಇದೆ. ಪುಸ್ತಕದಲ್ಲಿ ಇರೋದು ಬೇರೆ, ಕ್ಲಾಸಲ್ಲಿ ಯಾರಾದ್ರೂ ಬಾಯಿಬಿಟ್ಟು ಹೇಳೋದು ಬೇರೆ.

ಸರ್ಕಾರ ಪ್ರಯತ್ನ ಮಾಡೇ ಇಲ್ಲ ಅಂತಲ್ಲ. 2005ರ ಹೊತ್ತಿಗೆ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂತು. 2007ರಲ್ಲಿ ಗಲಾಟೆ ಎದ್ದು, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ‘ಇದು ನಮ್ಮ ಸಂಸ್ಕೃತಿಗೆ ಒಗ್ಗಲ್ಲ’ ಅಂತ ಹಿಂದೆ ಸರಿದವು. 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು, 10ರಿಂದ 19 ವರ್ಷದವರಿಗೆ. 2020ರಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು, ಪ್ರತಿ ಶಾಲೆಯಲ್ಲಿ ಇಬ್ಬರು ಟೀಚರಿಗೆ ತರಬೇತಿ ಕೊಡೋ ಯೋಜನೆ. ನಿಮ್ಮ ಸ್ಕೂಲಲ್ಲಿ ಆ ಇಬ್ಬರು ಯಾರು ಅಂತ ಗೊತ್ತಿದ್ರೆ ಕಾಮೆಂಟ್ ಮಾಡಿ. ನಿಜವಾಗ್ಲೂ ಕೇಳ್ತಿದ್ದೀನಿ.

‘ಮದುವೆ ಆಗೋ ತನಕ ಇದೆಲ್ಲ ಯಾಕೆ’ ಅನ್ನೋರಿಗೆ ಒಂದೇ ಒಂದು ಲೆಕ್ಕ ಕೊಡ್ತೀನಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 20ರಿಂದ 24 ವರ್ಷದ ಹೆಣ್ಮಕ್ಕಳಲ್ಲಿ ಶೇ. 23.3 ಜನರಿಗೆ 18 ತುಂಬೋದ್ರೊಳಗೆ ಮದುವೆ ಆಗಿತ್ತು. ಅಂದ್ರೆ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬಳಿಗೆ. ಮದುವೆಗೆ ವಯಸ್ಸು ಸಾಕು, ಮಾಹಿತಿಗೆ ಮಾತ್ರ ಸಾಲದು ಅಂದ್ರೆ ಹೇಗೆ?

ಈಗ ಸ್ನೇಹ ಕ್ಲಿನಿಕ್. 2014ರ ಕಾರ್ಯಕ್ರಮದಡಿ ನಡೆಯೋ ಹದಿಹರೆಯದವರ ಆರೋಗ್ಯ ಕ್ಲಿನಿಕ್‌ಗೆ ನಮ್ಮ ರಾಜ್ಯದಲ್ಲಿರೋ ಹೆಸರು ಅದು. ಮಹಾರಾಷ್ಟ್ರದಲ್ಲಿ ಮೈತ್ರಿ ಅಂತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇರುತ್ತೆ, ದುಡ್ಡು ಕೊಡಬೇಕಿಲ್ಲ. ಮುಟ್ಟಿನ ತೊಂದರೆ, ರಕ್ತಹೀನತೆ, ಬಿಳಿಸೆರಗು, ತುರಿಕೆ, ಮೊಡವೆ, ಮನಸ್ಸಿಗೆ ಬೇಜಾರು, ಗರ್ಭನಿರೋಧಕದ ಪ್ರಶ್ನೆ, ಯಾವುದಕ್ಕಾದ್ರೂ ಹೋಗಬಹುದು. ಹೆಸರು ಚೆನ್ನಾಗಿದೆ, ಉದ್ದೇಶಾನೂ ಚೆನ್ನಾಗಿದೆ.

ನಾನು ಹೋದ ಆಸ್ಪತ್ರೆಯಲ್ಲಿ ಅದು ಒಂದು ಕಾರಿಡಾರಿನ ಕೊನೇ ರೂಮು. ಪಕ್ಕದಲ್ಲೇ ಎಚ್‌ಐವಿ ಪರೀಕ್ಷಾ ಕೇಂದ್ರದ ಬೋರ್ಡು. ಎದುರಿಗೆ ಔಷಧಿ ಕೌಂಟರ್, ಅಲ್ಲಿ ಊರಿನ ಅರ್ಧ ಜನ ಕ್ಯೂನಲ್ಲಿ ನಿಂತಿದ್ರು. ನಾನು ಒಂದು ಗಂಟೆ ಬೆಂಚ್ ಮೇಲೆ ಕೂತಿದ್ದೆ. ಇಬ್ಬರು ಹುಡುಗೀರು ಕಾಲೇಜ್ ಯೂನಿಫಾರ್ಮಲ್ಲಿ ಬಂದು ಬೋರ್ಡ್ ನೋಡಿ, ಕ್ಯೂ ನೋಡಿ, ವಾಪಸ್ ಹೋದ್ರು. ಒಳಗಿದ್ದ ಕೌನ್ಸೆಲರ್ ಒಳ್ಳೆಯವರು, ಬಾಗಿಲು ಹಾಕಿ ಸಮಾಧಾನವಾಗಿ ಮಾತಾಡಿದ್ರು. ‘ಬಂದ್ರೆ ಮಾತಾಡ್ತಾರೆ ಮೇಡಂ, ಈ ಬಾಗಿಲು ದಾಟೋದೇ ಕಷ್ಟ’ ಅಂದ್ರು. ಕಾಲೇಜ್ ಬಿಡೋ ಹೊತ್ತಿಗೆ ಕ್ಲಿನಿಕ್ ಮುಚ್ಚೋ ಟೈಮ್. ಆಮೇಲೆ ಹಳ್ಳಿ ಬಸ್ಸು ಹಿಡೀಬೇಕು. ಇದನ್ನೆಲ್ಲ ಸರಿ ಮಾಡೋಕೆ ಕೋಟಿ ರೂಪಾಯಿ ಬೇಕಿಲ್ಲ. ಬೇರೆ ಬಾಗಿಲು, ಬೇರೆ ಟೈಮ್, ವಾರಕ್ಕೊಂದು ದಿನ ಕೌನ್ಸೆಲರೇ ಕಾಲೇಜಿಗೆ ಬರೋದು, ಇಷ್ಟಾದ್ರೂ ಸಾಕು.

ಹುಡುಗರಂತೂ ಆ ಬೆಂಚಿನ ಹತ್ರ ಸುಳಿಯಲೇ ಇಲ್ಲ. ಅವರಿಗೆ ಇನ್ನೊಂದು ಕ್ಲಿನಿಕ್ ಇದೆಯಲ್ಲ, ಬಸ್ ಸ್ಟ್ಯಾಂಡ್ ಗೋಡೆ ಮೇಲೆ ‘ಗುಪ್ತ ರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಅಂತ ನಂಬರ್ ಸಮೇತ. ಒಬ್ಬ ಕೇಳುಗ ಬರೆದಿದ್ದ, ಕೇಟರಿಂಗ್ ಕೆಲಸದಲ್ಲಿ ಕೂಡಿಸಿದ ದುಡ್ಡನ್ನೆಲ್ಲ ಸ್ವಪ್ನಸ್ಖಲನ ನಿಲ್ಲಿಸೋ ಪುಡಿಗೆ ಸುರಿದನಂತೆ. ಅದು ರೋಗವೇ ಅಲ್ಲ ಕಣಪ್ಪಾ. ವಯಸ್ಸಿಗೆ ಬಂದ ದೇಹದ ಸಹಜ ಕೆಲಸ. ಶಕ್ತಿ ಸೋರಿ ಹೋಗಲ್ಲ, ಮುಂದೆ ಮಕ್ಕಳಾಗೋಕೆ ತೊಂದರೆ ಇಲ್ಲ. ಈ ಎರಡು ವಾಕ್ಯವನ್ನ ಗ್ರೌಂಡಿಗೆ ಕಳಿಸೋ ಮುಂಚೆ ಯಾರಾದ್ರೂ ಹೇಳಿದ್ದಿದ್ರೆ ಆ ದುಡ್ಡು ಉಳೀತಿತ್ತು.

ಸರಿ, ಪೊಲೀಸ್ ಪ್ರಶ್ನೆಗೆ ಬರ್ತೀನಿ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ.

ಮುಟ್ಟು ತಡವಾಗಿದೆ, ಹೊಟ್ಟೆ ನೋವಿದೆ, ತುರಿಕೆ ಇದೆ, ಅನುಮಾನಗಳಿವೆ ಅಂತ ಡಾಕ್ಟರ್ ಹತ್ರ ಹೋದ್ರೆ ಪೊಲೀಸರು ಬರಲ್ಲ. ಮುಟ್ಟು ತಡ ಆಗೋಕೆ ಹತ್ತಾರು ಕಾರಣ ಇವೆ. ಥೈರಾಯ್ಡ್, ಪಿಸಿಒಎಸ್, ತೂಕದ ಏರುಪೇರು, ಪರೀಕ್ಷೆ ಟೆನ್ಷನ್ ಕೂಡ.

ಆದ್ರೆ ಪೋಕ್ಸೊ ಕಾಯ್ದೆ, ಅಂದ್ರೆ 2012ರ ಕಾನೂನು, 18 ತುಂಬದ ಎಲ್ಲರನ್ನೂ ಮಗು ಅನ್ನುತ್ತೆ. ಆ ವಯಸ್ಸಿನವರ ಜೊತೆ ಲೈಂಗಿಕ ಸಂಪರ್ಕ, ಇಬ್ಬರ ಒಪ್ಪಿಗೆ ಇದ್ರೂ, ಅಪರಾಧ. ಅದು ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಅಂತ 19ನೇ ಸೆಕ್ಷನ್ ಹೇಳುತ್ತೆ. ತಿಳಿಸದಿದ್ರೆ ಆರು ತಿಂಗಳ ತನಕ ಜೈಲು ಆಗಬಹುದು. ಆ ‘ಯಾರೇ ಆಗಲಿ’ಯಲ್ಲಿ ಡಾಕ್ಟರ್, ಕೌನ್ಸೆಲರ್, ಟೀಚರ್ ಇದ್ದಾರೆ. ನಾನೂ ಇದ್ದೀನಿ. ಅದಕ್ಕೇ ಆ ಹುಡುಗಿ ಹತ್ರ ‘ಯಾಕೆ ಭಯ?’ ಅಂತ ನಾನು ಕೇಳಲಿಲ್ಲ. ಸಹಾಯ ಮಾಡಬೇಕಾದವರೇ ಪ್ರಶ್ನೆ ಕೇಳೋಕೆ ಹೆದರೋ ಹಾಗಾಗಿದೆ. ದೌರ್ಜನ್ಯದಿಂದ ಮಕ್ಕಳನ್ನ ಕಾಪಾಡೋಕೆ ಈ ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ 17ರ ಇಬ್ಬರು ಪ್ರೀತಿಸಿದವರಿಗೂ ಅದೇ ಬಲೆ.

ಇದರಲ್ಲಿ ಒಂದು ಕಿಟಕಿ ತೆರೆದಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಒಂದು ತೀರ್ಪಲ್ಲಿ ಹೀಗೆ ಹೇಳಿತು: 18 ತುಂಬದ ಹುಡುಗಿ ಗರ್ಭಪಾತಕ್ಕೆ ಬಂದಾಗ, ಆಕೆ ಮತ್ತು ಪೋಷಕರು ಕೇಳಿಕೊಂಡ್ರೆ, ಡಾಕ್ಟರ್ ಪೊಲೀಸರಿಗೆ ಕೊಡೋ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ಬರೀಬೇಕಾಗಿಲ್ಲ. ಮಾಹಿತಿ ಹೋಗುತ್ತೆ, ಹೆಸರು ಹೋಗಲ್ಲ. 18ರ ಕೆಳಗಿದ್ರೆ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಆ ಕಾಯ್ದೆಯಲ್ಲಿ ‘ಗಾರ್ಡಿಯನ್’ ಅಂದ್ರೆ ಅಪ್ಪ ಅಮ್ಮ ಮಾತ್ರ ಅಂತಿಲ್ಲ, ಆಕೆಯ ಆರೈಕೆಯ ಹೊಣೆ ಹೊತ್ತವರು ಅಂತಿದೆ. ನಾನು ಮಾತಾಡಿಸಿದ ಡಾಕ್ಟರಿಗೆ ಈ ತೀರ್ಪು ಗೊತ್ತಿತ್ತು. ಸ್ನೇಹ ಕ್ಲಿನಿಕ್ ಕೌನ್ಸೆಲರಿಗೆ ಯಾರೂ ಹೇಳಿರಲಿಲ್ಲ. ಅವರಿಗೇ ಗೊತ್ತಿಲ್ಲದಿದ್ರೆ 17ರ ಹುಡುಗಿಗೆ ಹೇಗೆ ಗೊತ್ತಾಗ್ಬೇಕು?

ಅದೇ ವರ್ಷ ನವೆಂಬರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ಕ್ಲಾಸಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಿ ಅಂತ ಶಿಕ್ಷಣ ಇಲಾಖೆಗೆ ಹೇಳಿತು. ಒಳ್ಳೇದೇ. ಆದ್ರೆ ನಾನು ನೋಡಿದ ಎರಡು ಕಾಲೇಜು ಕಾರ್ಯಕ್ರಮದಲ್ಲೂ ‘ಹುಷಾರ್, ಜೈಲು’ ಅನ್ನೋದೊಂದೇ ಪಾಠ. ದೇಹದ ಪಾಠ ಬಿಟ್ಟು ಕಾನೂನಿನ ಪಾಠ ಮಾತ್ರ ಮಾಡಿದ್ರೆ ಉಳಿಯೋದು ಭಯ ಮಾತ್ರ. ಭಯ ಬಿದ್ದ ಹುಡುಗಿ ಹೋಗೋದು ಆಸ್ಪತ್ರೆಗಲ್ಲ, ಮೆಡಿಕಲ್ ಶಾಪಿಗೆ.

ಅಲ್ಲಿ ಆಗೋ ಗೊಂದಲ ಒಂದಿದೆ, ಹೇಳಿಬಿಡ್ತೀನಿ. ತುರ್ತು ಗರ್ಭನಿರೋಧಕ ಮಾತ್ರೆ ಬೇರೆ, ಗರ್ಭಪಾತದ ಮಾತ್ರೆ ಬೇರೆ. ಮೊದಲನೆಯದು 72 ಗಂಟೆಯೊಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಗರ್ಭ ನಿಂತ ಮೇಲೆ ಅದು ಕೆಲಸ ಮಾಡಲ್ಲ. ಎರಡನೆಯದನ್ನ ಡಾಕ್ಟರ್ ಇಲ್ಲದೆ ನುಂಗಬೇಡಿ. ಗರ್ಭ ಗರ್ಭಕೋಶದ ಹೊರಗೆ ನಿಂತಿದ್ರೆ, ರಕ್ತಸ್ರಾವ ನಿಲ್ಲದಿದ್ರೆ, ಜೀವಕ್ಕೇ ಅಪಾಯ.

ಆ ಹುಡುಗಿಗೆ ನಾನು ಬರೆದಿದ್ದು ಇಷ್ಟು: ಮೊದಲು ಡಾಕ್ಟರ್, ಅಂಗಡಿ ಮಾತ್ರೆ ಬೇಡ, ನಿನ್ನ ಜೊತೆ ನಿಲ್ಲೋ ದೊಡ್ಡವರೊಬ್ಬರಿಗೆ ಹೇಳು, ಯಾರಾದ್ರೂ ಬಲವಂತ ಮಾಡಿದ್ರೆ 1098. ಮನಸ್ಸು ಕುಸಿದ್ರೆ 14416, ಕನ್ನಡದಲ್ಲೇ ಮಾತಾಡ್ತಾರೆ. ಮೇಲಿನ ತೀರ್ಪಿನ ವಿಷಯವನ್ನೂ ಬರೆದೆ. ನಾಲ್ಕು ದಿನ ಬಿಟ್ಟು ಒಂದು ಸಾಲು ಬಂತು: ‘ಅತ್ತೆಗೆ ಹೇಳ್ದೆ ಅಕ್ಕಾ, ನಾಳೆ ಹೋಗ್ತಿದೀವಿ.’ ಆಮೇಲೆ ಏನೂ ಬಂದಿಲ್ಲ. ನಾನೂ ಕೇಳಿಲ್ಲ.

ಮುಂದಿನ ವಾರ ಆ ಸ್ತ್ರೀರೋಗ ತಜ್ಞೆಯೇ ನಮ್ಮ ಜೊತೆ ಇರ್ತಾರೆ. ಪ್ರಶ್ನೆ ಕಳಿಸಿ, ಹೆಸರು ಹಾಕೋದು ಬೇಡ.