ಬಳಚು ಹೆಕ್ಕುವ ಮೊದಲು ನೀರು ನೋಡಿ

ನಮ್ಮ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು ಸಿಗುತ್ತದೆ ಎಂದು ನಿಮಗೆಲ್ಲ ಗೊತ್ತು. ಮಂಗಳೂರು ಕಡೆ ಇದಕ್ಕೆ ಮರುವಾಯಿ ಎನ್ನುತ್ತಾರೆ, ಕೊಂಕಣಿಯಲ್ಲಿ ತಿಸ್ರೆ ಎನ್ನುತ್ತಾರೆ. ತಿನ್ನಲು ನಮಗೆಲ್ಲ ಬರುತ್ತದೆ. ಆದರೆ ಯಾವಾಗ ತಿನ್ನಬಾರದು ಎಂಬುದು ಕಳೆದ ದಸರಾ ರಜೆಯವರೆಗೆ ನನಗೆ ಗೊತ್ತಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ಬಳಚು ಹೆಕ್ಕಲು ಇಳಿತ ಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಬರುತ್ತದೆ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಬಹಳ ಇಳಿಯುತ್ತದೆ. ಆಗ ನಾನು ಮತ್ತು ಅಜ್ಜಿ ಬುಟ್ಟಿ ಹಿಡಿದು ಹೋಗುತ್ತೇವೆ. ಬಳಚು ಮರಳಿನಲ್ಲಿ ಹುಗಿದುಕೊಂಡಿರುತ್ತದೆ. ಕಾಲಿನಿಂದ ತಡವಿದರೆ ಕಲ್ಲಿನ ಹಾಗೆ ತಾಗುತ್ತದೆ. ಕೈಯಿಂದ ಕೆದಕಿ ತೆಗೆಯಬೇಕು. ಸಣ್ಣದನ್ನು ಅಲ್ಲೇ ಬಿಡಬೇಕು. ಅದು ದೊಡ್ಡದಾದರೆ ತಾನೇ ಮುಂದಿನ ವರ್ಷಕ್ಕೆ ಮರಿ?

ತಂದ ಬಳಚನ್ನು ಉಪ್ಪುನೀರಿನಲ್ಲಿ ನಾಲ್ಕೈದು ತಾಸು ಇಟ್ಟರೆ ಒಳಗಿನ ಮರಳು ಉಗುಳುತ್ತದೆ. ಬಾಯಿ ತೆರೆದುಕೊಂಡಿದ್ದು ಮುಟ್ಟಿದರೂ ಮುಚ್ಚದಿದ್ದರೆ ಅದು ಸತ್ತಿದೆ, ಎಸೆಯಬೇಕು. ಬೇಯಿಸಿದ ಮೇಲೂ ಬಾಯಿ ತೆರೆಯದ್ದನ್ನು ಎಸೆಯಬೇಕು. ಉಳಿದದ್ದಕ್ಕೆ ಕಾಯಿತುರಿ, ಒಣಮೆಣಸು, ಮುರುಗಲ ಸಿಪ್ಪೆ ಹಾಕಿ ಅಜ್ಜಿ ಸುಕ್ಕ ಮಾಡುತ್ತಾರೆ.

ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ಮಾವ ಬರುವವರಿದ್ದರು. ಅವರಿಗೆ ಬಳಚು ಅಂದರೆ ಪ್ರಾಣ. ನಾನೊಬ್ಬಳೇ ಬೆಳಿಗ್ಗೆ ಹೋಗಿ ಅರ್ಧ ಬುಟ್ಟಿ ತುಂಬಿಸಿದ್ದೆ. ಹಿಂದಿನಿಂದ ಬಂದ ಅಜ್ಜಿ ನೀರು ನೋಡಿ ನಿಂತುಬಿಟ್ಟರು. ನೀರು ಕೆಂಪು ಕೆಂಪಾಗಿತ್ತು. ಮಳೆಯ ಕೆಸರಿನ ಕೆಂಪಲ್ಲ, ಬೇರೆಯೇ ಬಣ್ಣ.

“ತಂಗೀ, ನೀರಿನ ಬಣ್ಣ ಸಮ ಇಲ್ಲ. ಎಲ್ಲಾ ವಾಪಸ್ ಹಾಕು” ಅಂದರು.

“ಚೆನ್ನಾಗಿ ಬೇಯಿಸಿದ್ರೆ ಆಯ್ತಲ್ಲ ಅಜ್ಜಿ?”

“ಹಾಕು ಅಂದ್ರೆ ಹಾಕು. ನಮ್ಮ ಅತ್ತೆ ಹೇಳಿಕೊಟ್ಟದ್ದು ಅದು.”

ನಾನು ಅಳುತ್ತಾ ಬುಟ್ಟಿ ಬರಿದು ಮಾಡಿದೆ. ಮಾವನಿಗೆ ಬಟಾಟೆ ಪಲ್ಯ ಆಯಿತು. ಎರಡು ದಿನ ನಾನು ಅಜ್ಜಿ ಹತ್ತಿರ ಮಾತಾಡಲಿಲ್ಲ.

ಶಾಲೆ ಶುರುವಾದ ಮೇಲೆ ವಿಜ್ಞಾನದ ಸರ್ ಹತ್ತಿರ ಕೇಳಿದೆ. ಅವರು ಹೇಳಿದ್ದು ಇದು. ಬಳಚು ಓಡಾಡಿ ಆಹಾರ ಹುಡುಕುವುದಿಲ್ಲ. ಒಂದು ಕೊಳವೆಯಿಂದ ನೀರು ಒಳಗೆ ಎಳೆದು, ಕಿವಿರಿನಲ್ಲಿ ಸೋಸಿ, ಇನ್ನೊಂದು ಕೊಳವೆಯಿಂದ ಹೊರಗೆ ಬಿಡುತ್ತದೆ. ನಾವು ಚಹಾ ಸೋಸಿದಾಗ ಸೋಸಣಿಗೆಯಲ್ಲಿ ಚಹಾಪುಡಿ ಉಳಿಯುವ ಹಾಗೆ, ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿ ಅದರಲ್ಲಿ ಉಳಿಯುತ್ತದೆ. ಅದೇ ಅದರ ಊಟ. ಕೆಲವು ಜಾತಿಯ ಪಾಚಿಯಲ್ಲಿ ವಿಷ ಇರುತ್ತದೆ. ಅದು ಹೆಚ್ಚಾದಾಗ ಬಳಚಿನೊಳಗೆ ವಿಷ ಸೇರುತ್ತದೆ. ಬಳಚು ಸಾಯುವುದಿಲ್ಲ, ರುಚಿಯೂ ಕೆಡುವುದಿಲ್ಲ. ತಿಂದವರಿಗೇ ತೊಂದರೆ. ರೋಗಾಣುಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ, ಆದರೆ ಈ ವಿಷ ಬೇಯಿಸಿದರೂ ಹೋಗುವುದಿಲ್ಲ.

1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯಲ್ಲಿ ಹೀಗೇ ಆಗಿತ್ತು. ಬಳಚು ತಿಂದು ಒಬ್ಬ ಹುಡುಗ ತೀರಿಕೊಂಡ. ಕೆಲವರು ಆಸ್ಪತ್ರೆ ಸೇರಿದರು. ಇದನ್ನು ಕೇಳಿದ ದಿನ ನಾನು ಮನೆಗೆ ಹೋಗಿ ಅಜ್ಜಿಯ ಪಕ್ಕ ಸುಮ್ಮನೆ ಕುಳಿತೆ.

ನೀರು ಕೆಂಪಾದಾಗಲೆಲ್ಲ ವಿಷ ಇರುತ್ತದೆ ಎಂದಲ್ಲ. ಬಣ್ಣ ಬದಲಾಗದೆಯೂ ವಿಷ ಇರಬಹುದು. ನೋಡಿ, ಮೂಸಿ ಹೇಳಲು ಬರುವುದಿಲ್ಲ, ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಬೇಕು. ಆ ದಿನದ ನನ್ನ ಬುಟ್ಟಿಯಲ್ಲಿ ವಿಷ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ವಾಪಸ್ ಹಾಕಿದ್ದು ಸರಿ.

ಗೆಳೆಯ ಗೆಳತಿಯರೇ, ಇಷ್ಟು ನೆನಪಿಡಿ. ನೀರಿನ ಬಣ್ಣ ಬೇರೆಯಾಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಬಳಚು ಹೆಕ್ಕಬೇಡಿ. ಗಟಾರದ ನೀರು ಸೇರುವಲ್ಲಿ ಯಾವತ್ತೂ ಹೆಕ್ಕಬೇಡಿ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ, ಕೈಕಾಲಿನ ಶಕ್ತಿ ಹೋದ ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೇ ತೊಂದರೆ ಆಗಬಹುದು. ಮತ್ತೆ ಅಜ್ಜಿ ಬೇಡ ಅಂದರೆ ಬೇಡ. ಬಳಚು ಮುಂದಿನ ಅಮಾವಾಸ್ಯೆಗೂ ಸಿಗುತ್ತದೆ.

– ಏಳನೇ ತರಗತಿಯ ವಿದ್ಯಾರ್ಥಿನಿ