ಕಿಟಕಿಯಾಚೆಯ ಬಯಲು

ಪ್ರವಾಸ ಸಾಹಿತ್ಯದ ಪಾಠ ಮುಗಿದ ಮೇಲೆ ಒಂದು ಪ್ರವಾಸಕಥನ ಬರೆದು ತನ್ನಿರಿ ಎಂದರೆ, ಇಂದಿನ ವಿದ್ಯಾರ್ಥಿಗಳು ಮೊದಲು ಮೊಬೈಲಿನಲ್ಲಿರುವ ಚಿತ್ರಗಳನ್ನು ತೋರಿಸುತ್ತಾರೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಛಾಯಾಚಿತ್ರವೂ ಒಂದು ಬಗೆಯ ಟಿಪ್ಪಣಿಯೇ. ಆದರೆ ಓಡುವ ರೈಲಿನಿಂದ, ಅದರಲ್ಲೂ ಮರಗಿಡ ವಿರಳವಾದ ಒಣನೆಲದಲ್ಲಿ, ಚಿತ್ರ ತೆಗೆಯುವುದಕ್ಕೆ ಅದರದೇ ಆದ ಕೆಲವು ನಿಯಮಗಳಿವೆ. ಅವನ್ನು ನಾನು ಕಲಿತದ್ದು ಸೋತ ಮೇಲೆ.

ಕೆಲವು ವರ್ಷಗಳ ಹಿಂದೆ ಜೋಧಪುರದಿಂದ ಜೈಸಲ್ಮೇರಿಗೆ ರೈಲಿನಲ್ಲಿ ಹೋಗಿದ್ದೆ. ಫಲೋದಿ, ರಾಮದೇವರಾ, ಪೋಖರಣಗಳನ್ನು ದಾಟಿ ಥಾರ್ ಮರುಭೂಮಿಯೊಳಗೆ ಸಾಗುವ ಮಾರ್ಗವದು. ಸತ್ಯಜಿತ್ ರಾಯ್ ಅವರ 'ಸೋನಾರ್ ಕೆಲ್ಲಾ' (1974) ಚಲನಚಿತ್ರದ ಒಂಟೆ ಮತ್ತು ರೈಲಿನ ದೃಶ್ಯ ಮನಸ್ಸಿನಲ್ಲಿತ್ತು. ಕಿಟಕಿಯ ಬಳಿ ಕುಳಿತು ಮುನ್ನೂರರಷ್ಟು ಚಿತ್ರ ತೆಗೆದೆ. ಸೊಲ್ಲಾಪುರಕ್ಕೆ ಮರಳಿ ನೋಡಿದರೆ ಹೆಚ್ಚಿನವು ಬರಿಯ ಬೂದುಗೆರೆಗಳು.

ಮೊದಲ ತೊಡಕು ವೇಗದ್ದು. ಗಂಟೆಗೆ 90 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಕ್ಯಾಮೆರಾದ ಷಟರು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ ಆ ಹೊತ್ತಿನಲ್ಲಿ ನಾವು 25 ಸೆಂಟಿಮೀಟರ್ ಸರಿದಿರುತ್ತೇವೆ. ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ಎರಡೂವರೆ ಸೆಂಟಿಮೀಟರ್ ಮಾತ್ರ. ಹತ್ತಿರದ ಪೊದೆ, ಕಂಬಗಳು ಕದಡಿಹೋಗುವುದು ಇದರಿಂದಲೇ. ದೂರದ ಮರಡಿ, ಗುಡಿಯ ಶಿಖರ, ಹೊಲದ ನಡುವಿನ ಒಂಟಿಮರ ಅಷ್ಟಾಗಿ ಕದಲುವುದಿಲ್ಲ. ಮೊಬೈಲು ಚಿತ್ರವನ್ನು ಸಾಲುಸಾಲಾಗಿ ಗ್ರಹಿಸುವುದರಿಂದ ಹತ್ತಿರದ ವಿದ್ಯುತ್ ಕಂಬಗಳು ವಾಲಿದಂತೆ ಕಾಣುವುದೂ ಉಂಟು. ಆದುದರಿಂದ ಕಣ್ಣನ್ನು ದೂರಕ್ಕೆ ನೆಡಬೇಕು.

ಎರಡನೆಯದು ನೆಲದ ಬಣ್ಣ. ಯಂತ್ರಕ್ಕೆ ಬಿಳುಪು ಕಪ್ಪುಗಳ ಅರಿವಿಲ್ಲ. ಎದುರಿಗಿರುವ ಎಲ್ಲವನ್ನೂ ಅದು ನಡುಮಟ್ಟದ ಬೂದುಬಣ್ಣಕ್ಕೆ ತರಲು ಹವಣಿಸುತ್ತದೆ. ಹೊಳೆಯುವ ಮರಳನ್ನು ಮಂಕಾಗಿಸುತ್ತದೆ. ನಮ್ಮ ಕರಿಯ ಎರೆನೆಲವನ್ನು ಬೆಳ್ಳಗಾಗಿಸುತ್ತದೆ. ಆದ್ದರಿಂದ ಮರಳಿನಲ್ಲಿ ಬೆಳಕನ್ನು ತುಸು ಹೆಚ್ಚಿಸಬೇಕು, ಎರೆಯಲ್ಲಿ ತುಸು ತಗ್ಗಿಸಬೇಕು. ಮೊಬೈಲಿನ ಪರದೆಯನ್ನು ಮುಟ್ಟಿ ಬೆರಳನ್ನು ಮೇಲೆ ಕೆಳಗೆ ಸರಿಸಿದರೆ ಬಹುಮಟ್ಟಿಗೆ ಇದು ಸಾಧ್ಯ.

ಮೂರನೆಯದು ಕುಳಿತುಕೊಳ್ಳುವ ಬದಿ. ಸೊಲ್ಲಾಪುರದಿಂದ ಹೋಟಗಿ, ಅಕ್ಕಲಕೋಟ ರೋಡ್, ದುಧನಿಗಳ ಮೂಲಕ ಕಲಬುರಗಿಗೆ ಹೋಗುವ ಹಳಿ ಸ್ಥೂಲವಾಗಿ ಪೂರ್ವಾಭಿಮುಖವಾಗಿದೆ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಎಡಗಿಟಕಿಯ ನೋಟದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಬಲಗಿಟಕಿಯಲ್ಲಿ ಬೆಳಕು ಎದುರಾಗಿ ವಸ್ತುಗಳು ನೆರಳುರೂಪ ತಾಳುತ್ತವೆ. ಹಿಂದಿರುಗುವಾಗ ಇದು ತಿರುಗುಮುರುಗು. ಮೇ ತಿಂಗಳ ನಡುಹಗಲಿನಲ್ಲಂತೂ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ನೆರಳಿಲ್ಲದ ನೆಲ ಚಿತ್ರದಲ್ಲಿ ಚಪ್ಪಟೆಯಾಗುತ್ತದೆ. ಮುಂಜಾನೆ, ಇಳಿಹೊತ್ತುಗಳೇ ಯೋಗ್ಯ.

ಗಾಜಿನ ಕಿಟಕಿಯಾದರೆ ಮೊಬೈಲನ್ನು ಗಾಜಿಗೆ ತಾಗಿಸಿ ಹಿಡಿದು ಸುತ್ತಲೂ ಕಪ್ಪು ಬಟ್ಟೆ ಮುಚ್ಚಿದರೆ ಪ್ರತಿಬಿಂಬ ಬೀಳದು. ಸರಳುಗಳ ಕಿಟಕಿಯಾದರೆ ಕೈಯನ್ನು ಹೊರಗೆ ಚಾಚಲೇಬಾರದು. ಬಾಗಿಲಿನ ಮೆಟ್ಟಿಲ ಮೇಲೆ ನಿಲ್ಲಲೇಬಾರದು. ಮೆಟ್ಟಿಲ ಮೇಲಿನ ಪ್ರಯಾಣ 1989ರ ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು. ಯಾವ ಚಿತ್ರವೂ ಪ್ರಾಣಕ್ಕಿಂತ ದೊಡ್ಡದಲ್ಲ.

ಇವೆಲ್ಲ ಯಂತ್ರದ ಮಾತಾಯಿತು. ಆದರೆ ನನ್ನ ಸೋಲಿಗೆ ಯಂತ್ರಕ್ಕಿಂತ ದೊಡ್ಡ ಕಾರಣವೊಂದಿತ್ತು. ಸ್ಪಷ್ಟವಾಗಿ ಮೂಡಿದ್ದ ಒಂದು ಚಿತ್ರದಲ್ಲಿ ಮರಳಿನ ನಡುವೆ ಕೊಂಬೆ ಕಡಿಸಿಕೊಂಡ ಒಂದು ಮರ ನಿಂತಿತ್ತು. ಅದರ ಕೆಳಗೆ ಏನು ಬರೆಯಬೇಕೆಂದು ತೋಚಲಿಲ್ಲ. 'ಮರುಭೂಮಿಯ ಮರ' ಎಂದು ಬರೆದು ಸುಮ್ಮನಾದೆ. ಅದು ರಾಜಸ್ಥಾನದ ರಾಜ್ಯವೃಕ್ಷವಾದ ಖೇಜ್ರಿ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಖೇಜ್ರಿ ಎಂದರೆ ಸಂಸ್ಕೃತದ ಶಮಿ. ಶಮಿ ಎಂದರೆ ನಮ್ಮ ಬನ್ನಿ! ಪ್ರತಿ ದಸರೆಗೆ ಎಲೆ ಕೊಟ್ಟು 'ಬಂಗಾರದಂಗ ಇರೂಣು' ಎಂದು ಹಿರಿಯರ ಕಾಲಿಗೆರಗಿದ ನಾನು, ಅದೇ ಮರವನ್ನು ಎದುರಿಗೆ ಕಂಡೂ ಗುರುತಿಸದೆ ಬಂದಿದ್ದೆ. ಕ್ಯಾಮೆರಾ ನೋಡಿತ್ತು, ನಾನು ನೋಡಿರಲಿಲ್ಲ.

ಅಂದಿನಿಂದ ನನ್ನ ನಿತ್ಯದ ಹಾದಿಯನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆ. ಹೊರಗಿನವರು ನಮ್ಮ ನೆಲವನ್ನು ಬೇಸಗೆಯಲ್ಲಿ ಕಂಡು ಮರುಭೂಮಿ ಎಂದುಬಿಡುತ್ತಾರೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ. ಸೊಲ್ಲಾಪುರದಲ್ಲಿ ಸುಮಾರು 550. ನಮ್ಮದು ಮಳೆನೆರಳಿನ ಬಯಲೇ ಹೊರತು ಮರುಭೂಮಿಯಲ್ಲ. ಏಪ್ರಿಲ್‌ನಲ್ಲಿ ಬರಿದಾಗಿ ಬಿರುಕು ಬಿಡುವ ಎರೆಯೇ ಜನವರಿಯಲ್ಲಿ ಹಿಂಗಾರಿ ಜೋಳದ ತೆನೆ ಹೊತ್ತಿರುತ್ತದೆ. ಒಂದೇ ಋತುವಿನ ಚಿತ್ರ ಅರ್ಧಸತ್ಯ. ಆದರೂ ನಂಟಿಲ್ಲದಿಲ್ಲ: ಸೊಲ್ಲಾಪುರದ ಬಳಿಯ ನಾನ್ನಜ ಅಭಯಾರಣ್ಯ ಯಾವ ಹಕ್ಕಿಗಾಗಿ ಹೆಸರಾಯಿತೋ, ಅದೇ ಹಕ್ಕಿ ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಅಳಿವಿನಂಚಿನಲ್ಲಿದೆ. ಮರಾಠಿಯಲ್ಲಿ ಅದು ಮಾಳಢೋಕ, ಕನ್ನಡದಲ್ಲಿ ಎರೆಭೂತ. ಒಂದು ಹೆಸರಿನಲ್ಲಿ ಮಾಳವಿದೆ, ಇನ್ನೊಂದರಲ್ಲಿ ಎರೆಯಿದೆ. ಎರಡೂ ಅದರ ವಾಸಸ್ಥಾನವನ್ನೇ ಹೇಳುತ್ತವೆ.

ಎರಡು ಭಾಷೆಗಳಲ್ಲಿ ಓದಿದವರಿಗೆ ಇಂಥ ಲಾಭ ಹೆಜ್ಜೆಹೆಜ್ಜೆಗೂ ಉಂಟು. ಮರಾಠಿಯಲ್ಲಿ 'ವಾಳವಂಟ' ಎಂದರೆ ಮರುಭೂಮಿಯೂ ಹೌದು, ಪಂಢರಪುರದಲ್ಲಿ ವಾರಕರಿಗಳು ನೆರೆಯುವ ಚಂದ್ರಭಾಗೆಯ ಮರಳದಂಡೆಯೂ ಹೌದು. ಕನ್ನಡದ 'ಮರಳುಗಾಡಿ'ನಲ್ಲಿ ಮರವೇ ಇಲ್ಲದ ಕಾಡಿದೆ. 'ಸುಡುಗಾಡಿ'ನಲ್ಲಿಯೂ ಇದೇ ಕಾಡು. ನಿಲ್ದಾಣದ ಹೆಸರನ್ನೇ ನೋಡಿ: ಅಕ್ಕಲಕೋಟ ರೋಡ್. ಹಳಿ ಊರನ್ನು ಮುಟ್ಟದೆ ದೂರದಲ್ಲಿ ಹಾಯ್ದುಹೋಯಿತೆಂಬ ಚರಿತ್ರೆ ಆ 'ರೋಡ್' ಎಂಬ ಒಂದು ಪದದಲ್ಲಿ ಉಳಿದಿದೆ. 1860ರಲ್ಲಿ ಸೊಲ್ಲಾಪುರ ತಲುಪಿದ ಈ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಇಂದು ದುಧನಿ ದಾಟಿದ ಮೇಲೆ ನಿಲ್ದಾಣದ ಫಲಕದಲ್ಲಿ ಕನ್ನಡ ಲಿಪಿ ಕಾಣಿಸುತ್ತದೆ. ಕಿಟಕಿಯಾಚೆಯ ಹೊಲ ಮಾತ್ರ ಬದಲಾಗುವುದಿಲ್ಲ.

ನಿಮ್ಮಲ್ಲಿ ಹಲವರು ಇದೇ ಮಾರ್ಗದಲ್ಲಿ ಕಾಲೇಜಿಗೆ ಬರುವವರು. ಈ ಸತ್ರದಲ್ಲಿ ಪ್ರತಿಯೊಬ್ಬರೂ ಹನ್ನೆರಡು ಚಿತ್ರ ತೆಗೆದು, ಪ್ರತಿಯೊಂದರ ಕೆಳಗೆ ಎರಡು ವಾಕ್ಯ ಬರೆಯಿರಿ. ಮರವಾದರೆ ಅದರ ಹೆಸರು, ಮಣ್ಣಾದರೆ ಅದರ ಜಾತಿ, ಬೆಳೆಯಾದರೆ ಅದರ ಹಂಗಾಮು ಇರಲಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಹೇಳಿದ ಪದವನ್ನು ಹೇಳಿದಂತೆಯೇ ಬರೆದುಕೊಳ್ಳಿ. ನಿಘಂಟಿನಲ್ಲಿ ಸಿಗದ ಪದವೊಂದು ಬಂದರೆ ಅದನ್ನು ಮೊದಲು ವಿಭಾಗಕ್ಕೆ ತನ್ನಿ. ಚಿತ್ರ ಮತ್ತೊಮ್ಮೆ ತೆಗೆಯಬಹುದು. ಹೇಳುವವರು ಹೋದ ಮೇಲೆ ಪದ ಸಿಗುವುದಿಲ್ಲ.